ಮೂರನೇ ಹಾಸಿಗೆಯ ಹೆಸರು

ನೀಲಕ್ಕಾರೇ,

ನಮಸ್ಕಾರ ಎಂದು ಬರೆದರೆ ನಿಮಗೆ ನಗು ಬರುತ್ತದೆ. "ಏ ಬ್ಯಾಡಗಿ, ಮೊದಲ ಕೈ ತೋರಸು, ಆಮ್ಯಾಲೆ ನಮಸ್ಕಾರ ಮಾಡುವಂತಿ" ಅನ್ನುತ್ತೀರಿ. ಆದ್ದರಿಂದ ನಮಸ್ಕಾರ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀವು ಬಿಟ್ಟುಹೋದ ಆ ಕೆಂಪು ರಟ್ಟಿನ ವಹಿಯನ್ನೂ, ಅದನ್ನು ನೋಡಿ ನಾನು ನಮ್ಮ ಶಾಲೆಯಲ್ಲಿ ಶುರು ಮಾಡಿದ ಇನ್ನೊಂದು ವಹಿಯನ್ನೂ ಸುಟ್ಟುಬಿಡಬೇಕು ಎಂದು ನನಗೆ ಅಪ್ಪಣೆಯಾಗಿದೆ. ನಾಳೆ ಇನ್‌ಸ್ಪೆಕ್ಷನ್. ಅಷ್ಟರೊಳಗೆ ಆಗಬೇಕಂತೆ. ನಾನು ಸುಡುವುದಿಲ್ಲ. ಮೊದಲು ನಿಮಗೆ ಹೇಳಿ ಆಮೇಲೆ ಉಳಿದವರಿಗೆ ಹೇಳೋಣ ಎಂದು, ಮಧ್ಯಾಹ್ನದ ಪಾಠ ಮುಗಿಸಿ ಇಲ್ಲೇ ಕ್ಲಾಸ್‌ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ.

ನೀವು ಕಡೆಯ ಸಲ ಹಾವೇರಿಗೆ ಬಂದು ನಮ್ಮ ನರ್ಸಿಂಗ್ ಶಾಲೆ ನೋಡಿದ ದಿನ ನೆನಪಿದೆಯೇ? ಅಗಡಿಯಿಂದ ಟೆಂಪೋ ಹತ್ತಿ ಬಂದಿದ್ದಿರಿ, ಮೊಣಕಾಲು ಬಾತಿತ್ತು. ನಾನು ಹೆಮ್ಮೆಯಿಂದ ಹೆರಿಗೆ ಕಲಿಸುವ ಪ್ಲಾಸ್ಟಿಕ್ ಗೊಂಬೆ ತೋರಿಸಿದೆ. ನೀವು ಅದರ ಹೊಟ್ಟೆ ಒತ್ತಿ ನೋಡಿದಿರಿ, ಕಾಲು ಅಗಲಿಸಿ ನೋಡಿದಿರಿ. ಆಮೇಲೆ ಹುಡುಗಿಯರ ಕಡೆ ತಿರುಗಿ, "ಪಾಪ, ಇದು ಚೀರೂದ ಇಲ್ಲ ನೋಡ್ರಿ. ಇದರ ಮ್ಯಾಲೆ ಕಲತು ಹೋದ್ರ, ಚೀರೂ ಹೆಣ್ಮಕ್ಕಳು ಸಿಕ್ಕಾಗ ಏನ್ ಮಾಡ್ತೀರಿ?" ಅಂದಿರಿ. ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ಮಾತ್ರ ಬೆನ್ನಿಗೆ ಬೆವರಿಳಿಯಿತು. ಯಾಕೆ ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಅಂದಿರೋ, ಹಾಗೇ ಅಂದಿರೋ...

ರಾಣೆಬೆನ್ನೂರಿನ ನಮ್ಮ ಆ ಹಳೆಯ ಹೆರಿಗೆ ಮನೆಯಲ್ಲಿ ನಿಮ್ಮ ಕೈಕೆಳಗೆ ನರ್ಸ್ ತರಬೇತಿಗೆ ಬಂದ ನನ್ನ ಮೊದಲ ದಿನ. ಈಗ ಅಲ್ಲಿ ಬಟ್ಟೆ ಅಂಗಡಿ ಆಗಿದೆ, ಹೆರಿಗೆ ಕೋಣೆ ಇದ್ದ ಜಾಗದಲ್ಲಿ ಸೀರೆ ಮಡಚುತ್ತಾರೆ. ನಾವು ಹತ್ತು ಜನ ಹುಡುಗಿಯರು ಸಾಲಾಗಿ ನಿಂತಿದ್ದೆವು. ನೀವು ಎಲ್ಲರ ಹೆಸರು ಕೇಳಿ, ಯಾವುದನ್ನೂ ನೆನಪಿಟ್ಟುಕೊಳ್ಳದೆ, ಊರಿನ ಹೆಸರಿನಿಂದಲೇ ಕರೆಯಲು ಶುರು ಮಾಡಿದಿರಿ. ನಾನು ರೇಣುಕಾ ಹೋಗಿ ಬ್ಯಾಡಗಿಯಾದೆ. ಕೈ ತೊಳೆಯುವ ನಲ್ಲಿಯ ಪಕ್ಕ, ಸೋಪಿನ ಬಟ್ಟಲಿನ ಮೇಲೆ, ಒಂದು ಮೊಳೆಗೆ ದಾರ ಕಟ್ಟಿ ಆ ವಹಿ ನೇತುಹಾಕಿದ್ದಿರಿ. ಡ್ಯೂಟಿ ಮುಗಿಸಿ ಹೋಗುವ ಮೊದಲು ಕೈ ತೊಳೆದು, ಅವತ್ತು ತಾನು ಮಾಡಿದ ತಪ್ಪನ್ನು ತನ್ನ ಕೈಯಿಂದಲೇ ಬರೆದು, ಕೆಳಗೆ ಹೆಸರು ಹಾಕಿ ಹೋಗಬೇಕು. "ಬರದದ್ದಕ್ಕ ನಾ ಬೈಯೂದಿಲ್ಲ. ಬರೀಲಾರದ್ದು ನನಗ ಗೊತ್ತಾತಂದ್ರ ಬಿಡೂದಿಲ್ಲ" ಎಂದಿರಿ. ಅಂಥ ಶಾಲೆಯನ್ನು ನಾವು ಎಲ್ಲಿಯೂ ನೋಡಿರಲಿಲ್ಲ. ಮನೆಯಲ್ಲಿ ಅವ್ವನ ಹತ್ತಿರವೂ ನಾವು ತಪ್ಪು ಒಪ್ಪಿಕೊಂಡವರಲ್ಲ.

ಮೊದಮೊದಲು ಹುಡುಗಿಯರು ಬುದ್ಧಿವಂತಿಕೆ ಮಾಡಿದರು. "ಇಂದು ಸೋಪು ನೆಲಕ್ಕೆ ಬಿತ್ತು" ಎಂದೊಬ್ಬಳು, "ಕಿಟಕಿ ಹಾಕಲು ಮರೆತೆ" ಎಂದೊಬ್ಬಳು. ನೀವು ಓದಿ ಬಿದ್ದು ಬಿದ್ದು ನಕ್ಕಿರಿ. ಆಮೇಲೆ ಎಲ್ಲರ ಎದುರಿಗೇ ಪೆನ್ನು ತೆಗೆದುಕೊಂಡು ನಿಮ್ಮದನ್ನು ಬರೆದಿರಿ. ಇಬ್ಬರಿಗೆ ಒಟ್ಟಿಗೆ ನೋವು ಬಂದಾಗ ಬಡವರ ಮನೆಯವಳನ್ನು ಕಾಯಿಸಿ, ಸೊಸೈಟಿ ಸೆಕ್ರೆಟರಿಯ ಸೊಸೆಯ ಹತ್ತಿರ ಮೊದಲು ಹೋದದ್ದು. ಅದನ್ನು ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿ, ಪೆನ್ನನ್ನು ನಮಗೆ ಕೊಟ್ಟಿರಿ. ಆಮೇಲೆ ಯಾರೂ ಸೋಪಿನ ಸುದ್ದಿ ಬರೆಯಲಿಲ್ಲ.

ಈಗ ಆ ಬೆಳಗಿನ ವಿಷಯ. ಇಪ್ಪತ್ತು ವರ್ಷ ಅದರ ಸುತ್ತಲೇ ತಿರುಗಿದ್ದೇನೆ, ಇವತ್ತು ಒಳಗೆ ಕಾಲಿಡುತ್ತೇನೆ. ಮೆಣಸಿನಕಾಯಿ ಸುಗ್ಗಿ. ಅವ್ವ ವ್ಯಾಪಾರಿಗಳಿಂದ ಚೀಲ ತಂದು ಮನೆಯಲ್ಲೇ ತೊಟ್ಟು ಮುರಿಯುತ್ತಿದ್ದಳು. ನಾನೂ ಅವಳ ಪಕ್ಕ ಕೂತು ಒಂದು ಬುಟ್ಟಿ ಮುರಿದು, ಸೋಪು ಹಚ್ಚಿ ಕೈ ತೊಳೆದು, ಪ್ಯಾಸೆಂಜರ್ ಗಾಡಿ ಹಿಡಿದು ರಾಣೆಬೆನ್ನೂರಿಗೆ ಬರುತ್ತಿದ್ದೆ. ಬ್ಯಾಡಗಿಯವರ ಸೊಕ್ಕು ನಿಮಗೆ ಗೊತ್ತಲ್ಲ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಅದು ಯಾರನ್ನೂ ಸುಡುವುದಿಲ್ಲ ಎಂದು ಕೂಸಿದ್ದಾಗಿನಿಂದ ಕೇಳಿ ಬೆಳೆದವರು. ಆ ವಾರ ಅವ್ವನಿಗೆ ಬಂದಿದ್ದ ಚೀಲ ಗುಂಟೂರಿನದು. ಅವಳು ಹೇಳಿಯೂ ಇದ್ದಳು, "ಇದು ನಮ್ಮ ಕಾಯಿ ಅಲ್ಲ, ಎಣ್ಣಿ ಹಚಗೊಂಡು ತೊಳಕೋ" ಎಂದು. ಗಾಡಿಯ ಹೊತ್ತಾಗಿತ್ತು. ಹುಟ್ಟಿದಾಗಿನಿಂದ ಖಾರದಲ್ಲಿ ಅದ್ದಿ ತೆಗೆದ ಕೈ ನನ್ನದು, ಅದಕ್ಕೆ ಉರಿ ತಿಳಿಯುತ್ತಲೇ ಇರಲಿಲ್ಲ.

ಮೂರನೇ ಹಾಸಿಗೆಯಲ್ಲಿ ದ್ಯಾಮವ್ವ ಇದ್ದಳು. ನನಗಿಂತ ಒಂದು ವರ್ಷ ಸಣ್ಣವಳು, ಚೊಚ್ಚಲು. ಅವಳದೂ ಬ್ಯಾಡಗಿಯೇ. ಕುದಿಸಿ ಕುದಿಸಿ ಬೆರಳ ತುದಿ ಹರಿದ ಕೈಗವಸು ಹಾಕಿಕೊಂಡು ನಾನು ಒಳಪರೀಕ್ಷೆ ಮಾಡಿದೆ. ಎರಡು ನಿಮಿಷ ಆಗಿರಲಿಲ್ಲ, ಅವಳು ಕಟ್ಟಡ ಹಾರಿಹೋಗುವ ಹಾಗೆ ಚೀರಿದಳು. "ಖಾರ ಹತ್ತಿಧಂಗ ಆಗಾಕತ್ತೈತ್ರೀ ಯಕ್ಕಾ, ಖಾರ..." ಅಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು ನೋಡಿ. ಅಲ್ಲಿದ್ದ ಇನ್ನಿಬ್ಬರು ಹುಡುಗಿಯರು ನಕ್ಕರು. ನಾನು, ಹತ್ತೊಂಬತ್ತು ವರ್ಷದ ದೊಡ್ಡ ಮನುಷ್ಯಳು, "ಬಾಯಿ ಮುಚ್ಚ. ಹಡಿಯಾಕ ಬಂದೀಯೋ, ನಾಟಕ ಮಾಡಾಕ ಬಂದೀಯೋ?" ಅಂದೆ. ಬಾಗಿಲಲ್ಲಿ ಅವಳ ಅತ್ತೆ ನಿಂತಿದ್ದಳು, ಕೇಳಿಸಿಕೊಂಡಳು.

ನೀವು ಪಕ್ಕದ ಕೋಣೆಯಿಂದ ಬಂದಿರಿ. "ಏನಂದ್ಲು ಆಕಿ?" ಎಂದು ಕೇಳಿದಿರಿ. "ಏನಿಲ್ರೀ ಅಕ್ಕಾರ, ನಾಟಕ" ಅಂದೆ. "ಆಕಿ ಏನಂದ್ಲು ಅಂತ ಕೇಳೇನಿ. ನೀ ಏನಂತೀ ಅಂತಲ್ಲ." ಹೇಳಿದೆ. ನೀವು ನನ್ನ ಬಲಗೈ ಹಿಡಿದು, ಕೈಗವಸು ಕಳಚಿ, ತೋರುಬೆರಳನ್ನು ನಿಮ್ಮ ಕೆಳತುಟಿಗೆ ಮುಟ್ಟಿಸಿಕೊಂಡಿರಿ. ನಿಮ್ಮ ಕಣ್ಣಲ್ಲಿ ನೀರು ತುಂಬಿಕೊಂಡಿತು. ಆ ಕಣ್ಣಿನಿಂದಲೇ ನನ್ನನ್ನು ಒಂದು ಸಲ ನೋಡಿದಿರಿ. ಆಮೇಲೆ ನನ್ನ ಕಡೆ ತಿರುಗಲಿಲ್ಲ. ಕೊಬ್ಬರಿ ಎಣ್ಣೆ ತರಿಸಿ, ತಣ್ಣನೆಯ ಬಟ್ಟೆ ಇಟ್ಟು, ಮಧ್ಯಾಹ್ನ ಕೂಸು ಹುಟ್ಟುವ ತನಕ ಅವಳ ತಲೆಯ ಹತ್ತಿರವೇ ಕೂತಿರಿ.

ಅವತ್ತು ಡ್ಯೂಟಿ ಮುಗಿದಾಗ ನಾನು ಕೈ ತೊಳೆದೆ, ವಹಿ ತೆಗೆದೆ. ಏನು ಬರೆದೆ ಗೊತ್ತೇ? ಗೊತ್ತಿಲ್ಲದೆ ಏನು. "ಇಂದು ತಪ್ಪಿಲ್ಲ. ರೇಣುಕಾ." ಮರುದಿನ ಬೆಳಿಗ್ಗೆ ಬಂದು ನೋಡಿದರೆ ಅದರ ಕೆಳಗೆ ನಿಮ್ಮ ದುಂಡನೆಯ ಅಕ್ಷರ. "ಮೂರನೇ ಹಾಸಿಗೆಯಾಕೆಗೆ ಉರಿಯಾಯಿತು. ಒಳಗೆ ಬಿಡುವ ಮೊದಲು ಹುಡುಗಿಯರ ಕೈ ನೋಡಲಿಲ್ಲ. ತಪ್ಪು ನನ್ನದು." ಆವತ್ತಿನಿಂದ ಸುಗ್ಗಿ ಮುಗಿಯುವ ತನಕ ದಿನಾ ಬೆಳಿಗ್ಗೆ ನಮ್ಮನ್ನು ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ, ಹತ್ತೂ ಜನರ ಬೆರಳನ್ನು ನಿಮ್ಮ ತುಟಿಗೆ ಮುಟ್ಟಿಸಿಕೊಂಡೇ ಒಳಗೆ ಬಿಟ್ಟಿರಿ. ಉಳಿದ ಹುಡುಗಿಯರು ಅದನ್ನೊಂದು ಹುಚ್ಚು ಎಂದು ಆಡಿಕೊಂಡರು. ನಾನು ಅವರ ಜೊತೆ ಸೇರಿ ನಕ್ಕೆ.

ನೀಲಕ್ಕಾರೇ, ನಿಮ್ಮ ಮೇಲೆ ನನಗೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ, ನಾನು ಮಾಡುತ್ತೇನೆ. ಬರೆಯದಿದ್ದರೆ ಬಿಡುವುದಿಲ್ಲ ಅಂದವರು ನನ್ನನ್ನು ಯಾಕೆ ಬಿಟ್ಟಿರಿ? ಬಡವರ ಮನೆಯ ಹುಡುಗಿ, ತರಬೇತಿಯಿಂದ ತೆಗೆದುಹಾಕಿದರೆ ಮತ್ತೆ ತೊಟ್ಟು ಮುರಿಯಲು ಕೂರುತ್ತಾಳೆ ಅಂತಲೇ? ನಾನಾಗಿಯೇ ಬರೆಯುತ್ತೇನೆ ಎಂದು ಕಾದಿರೇ? ಎಷ್ಟು ದಿನ ಕಾದಿರಿ? ನೀವು ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಂಡಿರಿ, ನಾನು ಅದನ್ನೇ ನಿಮ್ಮ ದೊಡ್ಡತನ ಎಂದು ಹಾಡಿ ಹೊಗಳುತ್ತಾ ನೆಮ್ಮದಿಯಾಗಿ ನೌಕರಿ ಮಾಡಿದೆ. ಸಾವಿರ ಸಲ ಕ್ಲಾಸಿನಲ್ಲಿ ಈ ಕಥೆ ಹೇಳಿದ್ದೇನೆ. "ಒಬ್ಬ ಹುಡುಗಿ" ಎಂದೇ ಹೇಳಿದ್ದೇನೆ.

ನೀವು ತೀರಿಕೊಂಡ ಮೇಲೆ ಅಗಡಿಗೆ ಹೋದಾಗ ನಿಮ್ಮ ತಮ್ಮನ ಸೊಸೆ ಟ್ರಂಕಿನಿಂದ ಆ ವಹಿ ತೆಗೆದು, "ಅತ್ತೀಯವರು ಇದನ್ನ ಬ್ಯಾಡಗಿ ಅನ್ನೂವ್ರಿಗೆ ಕೊಡು ಅಂದಿದ್ರು, ಊರಿಗೆಲ್ಲ ಹೆಂಗ ಕೊಡ್ಲಿ ಅಂತ ನನಗ ತಿಳೀಲಿಲ್ರಿ" ಅಂದಳು. ಅಷ್ಟು ದುಃಖದಲ್ಲೂ ನಕ್ಕುಬಿಟ್ಟೆ. ಮರುವರ್ಷ ನನ್ನನ್ನು ಪ್ರಿನ್ಸಿಪಾಲ್ ಮಾಡಿದರು. ಕುರ್ಚಿಯ ಮೇಲೆ ಕೂತ ದಿನವೇ ಒಂದು ಹೊಸ ವಹಿ ತರಿಸಿ, ಕೈ ತೊಳೆಯುವ ನಲ್ಲಿಯ ಪಕ್ಕ ಮೊಳೆ ಹೊಡೆಸಿದೆ. ಹುಡುಗಿಯರು ಓದಲಿ ಎಂದು ನಿಮ್ಮದನ್ನೂ ಪಕ್ಕದಲ್ಲಿಟ್ಟೆ. ಈಗಿನ ಕಷ್ಟ ಬೇರೆ, ಅಕ್ಕಾರೇ. ಆಶಾ ಕಾರ್ಯಕರ್ತೆಯರು ಹಳ್ಳಿಯಿಂದ ಹೆಂಗಸರನ್ನು ಕೈಹಿಡಿದು ಆಸ್ಪತ್ರೆಗೆ ಕರೆತರುತ್ತಾರೆ. ಒಳ್ಳೆಯದೇ. ಆದರೆ ಬಂದವರನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ? ಒಬ್ಬಳ ಮಂಚದ ಸುತ್ತ ಹತ್ತಾರು ಹುಡುಗಿಯರು ಕತ್ತು ಉದ್ದ ಮಾಡಿ ನಿಲ್ಲುತ್ತಾರೆ. ದೂರ ನಿಂತು ನೋಡಿದ ಹೆರಿಗೆಯನ್ನು ತಾನೇ ಮಾಡಿಸಿದೆ ಎಂದು ರೆಕಾರ್ಡಿನಲ್ಲಿ ಬರೆಯುತ್ತಾರೆ, ಕಲಿಸುವವರು ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ನಾನು ಹಾಕುವುದಿಲ್ಲ ಎಂದು ಹಟ ಹಿಡಿದಾಗಲೇ ನನಗೆ ಜಗಳಗಂಟಿ ಎಂದು ಹೆಸರು ಬಿದ್ದಿತ್ತು.

ಎರಡು ವಾರದ ಹಿಂದೆ ನಮ್ಮ ಸವಿತಾ ವಹಿಯಲ್ಲಿ ಬರೆದಳು. ರಾಣೆಬೆನ್ನೂರಿನ ಹುಡುಗಿ, ಅಪ್ಪ ಟಂಟಂ ಆಟೋ ಓಡಿಸುತ್ತಾರೆ. ಮಾತು ಕಡಿಮೆ. "ಇಂದು ನೋವು ತಿನ್ನುತ್ತಿದ್ದವಳ ತೊಡೆಗೆ ಹೊಡೆದೆ. ಕಾಲು ಕೂಡಿಸಿದಳು ಎಂದು. ಹಿರಿಯರು ಹೊಡೆಯುವುದನ್ನು ನೋಡಿದ್ದೆ, ಹಾಗೆಯೇ ಮಾಡಬೇಕೆಂದುಕೊಂಡೆ. ಆಕೆ ಅಳಲಿಲ್ಲ, ನನ್ನ ಮುಖ ನೋಡಿದಳು. ಸವಿತಾ." ನಾನು ಅವಳನ್ನು ಕರೆದುಕೊಂಡು ಆ ಹೆಂಗಸಿನ ಹತ್ತಿರ ಹೋದೆ. ಸವಿತಾ ಕ್ಷಮೆ ಕೇಳಿದಳು. ಆ ಹೆಂಗಸಿನ ಗಂಡ ಕುಮಾರಪಟ್ಟಣದಲ್ಲಿ ಕಾರ್ಖಾನೆ ಕೆಲಸದವನು, ಹೊರಗೆ ಕೂತಿದ್ದ, ಅವನಿಗೂ ಹೇಳಿದೆವು. ಅವನು ಕೂಗಾಡಿದ, ಕೂಗಾಡುವುದು ಸರಿಯೇ ಇತ್ತು, ನಿಂತು ಕೇಳಿಸಿಕೊಂಡೆವು. ಅಲ್ಲಿಗೆ ಮುಗಿಯಬೇಕಿತ್ತು. ಕ್ಲಾರ್ಕ್ ಓಡಿಹೋಗಿ ಶಾಲೆಯ ಚೇರ್ಮನ್ನರಿಗೆ ಸುದ್ದಿ ಮುಟ್ಟಿಸಿದ.

ಚೇರ್ಮನ್ನರು ಕೆಟ್ಟವರಲ್ಲ, ಹೆದರಿದವರು. ವಹಿಯ ಹಾಳೆ ತಿರುವಿ ತಿರುವಿ ಅವರ ಮುಖ ಬೆಳ್ಳಗಾಯಿತು. "ಏನ್ರೀ ಮೇಡಂ ಇದು? ನಮ್ಮ ಮಾನ ನಾವ ಹರಾಜಿಗೆ ಇಟ್ಟಂಗ ಐತಿ. ಇನ್‌ಸ್ಪೆಕ್ಷನ್‌ದವ್ರ ಕೈಗೆ ಸಿಕ್ರ ಶಾಲೆ ಮುಚ್ಚಿಸ್ತಾರ. ಹಳೇದು ಹೊಸದು ಎರಡೂ ಸುಡ್ರಿ. ಆ ಹುಡುಗಿನ್ನ ಹಾಜರಿ ಕಮ್ಮಿ ಅಂತ ಬರದು ಮನಿಗೆ ಕಳಸ್ರಿ" ಅಂದರು. "ಆಕಿ ಹಾಜರಿ ಕಮ್ಮಿ ಇಲ್ರೀ. ನೂರಕ್ಕ ನೂರು ಐತಿ" ಅಂದೆ. "ಅದಕ್ಕಽ ಬರೀರಿ ಅನ್ನಾಕತ್ತೇನಿ." "ನಾ ಬರಿಯೂದಿಲ್ರೀ. ಹೊಡದು ಮುಚ್ಚಿಟ್ಟವ್ರು ಈ ಊರಾಗ ಬೇಕಾದಷ್ಟು ಮಂದಿ ಅದಾರ, ಅವರ್ಯಾರನ್ನೂ ಮನಿಗೆ ಕಳಿಸಿಲ್ಲ. ಹೊಡದೆ ಅಂತ ಬರದಾಕಿನ್ನ ಕಳಸೂದಾ? ಆಕಿನ್ನ ಕಳಸೂ ಮೊದಲ ನನ್ನ ಕಳಸ್ರಿ." ಅವರು ವಹಿ ಮುಚ್ಚಿ ನನ್ನ ಕಡೆ ದೂಡಿದರು. "ನೋಡ್ರಿ, ಬಾಯಿ ಮಾತಿಗೆ ಅಂದ್ರೋ, ಖರೇನ ಅಂದ್ರೋ ನನಗ ಗೊತ್ತಿಲ್ಲ. ಮಂಗಳವಾರದ ತನಕಾ ಟೈಮ್ ಐತಿ" ಅಂದರು. ನಾಳೆ ಮಂಗಳವಾರ.

ಅಷ್ಟು ಜೋರಾಗಿ ಮಾತಾಡಿ ಹೊರಗೆ ಬಂದರೆ ಸವಿತಾ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕೈ ಮುಗಿಯುತ್ತಾಳೆ, ಅಳುತ್ತಾಳೆ, ಎಂದುಕೊಂಡೆ. ಸ್ವಲ್ಪ ಕಾದೆ ಎಂದೇ ಹೇಳಬೇಕು. ಅವಳು ಕೇಳಿದ್ದು ಬೇರೆ. "ಮೇಡಂ, ಎರಡೂ ವಹಿ ಓದೇನ್ರಿ. ಹಳೇದರಾಗ ನಿಮ್ಮ ಹೆಸರಿನ ಮ್ಯಾಲೆ ಸಣ್ಣ ಸಣ್ಣ ತಪ್ಪಷ್ಟ ಅದಾವು, ಒಂದ ಕಡೆ ತಪ್ಪಿಲ್ಲ ಅಂತನೂ ಐತಿ. ಹೊಸದರಾಗ ಇಲ್ಲವ ಇಲ್ಲ. ನೀವು ದೊಡ್ಡ ತಪ್ಪ ಒಂದೂ ಮಾಡಿಲ್ಲೇನ್ರಿ?" ಅವಳ ದನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. "ಸೋಮವಾರ ಹೇಳ್ತೀನವಾ" ಎಂದು ತಪ್ಪಿಸಿಕೊಂಡೆ.

ನಿನ್ನೆ ಭಾನುವಾರ ಹಳೆಯ ವಹಿಯನ್ನು ಚೀಲದಲ್ಲಿಟ್ಟುಕೊಂಡು ಬ್ಯಾಡಗಿಗೆ ಹೋದೆ. ದ್ಯಾಮವ್ವ ಈಗಲೂ ತೊಟ್ಟು ಮುರಿಯಲು ಹೋಗುತ್ತಾಳೆ ಎಂದು ಅವ್ವ ಹೇಳಿದ್ದಳು. ಗೋದಾಮಿನಲ್ಲಿ ಮೆಣಸಿನಕಾಯಿ ರಾಶಿಯ ಬದಿಗೆ, ಹತ್ತು ಹದಿನೈದು ಜನ ಹೆಂಗಸರ ನಡುವೆ ಕೂತಿದ್ದಳು. ಒಳಗೆ ಕಾಲಿಟ್ಟ ಕೂಡಲೇ ನನಗೆ ಸೀನು ಬಂತು, ಎಲ್ಲರೂ ನಕ್ಕರು. ಊರು ಬಿಟ್ಟವಳ ಮೂಗು ನೋಡಿ. ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. "ಕುಂದ್ರಿ, ಖಾಲಿ ಕುಂತ್ರ ಮಾಲಕ್ರು ಬೈತಾರ, ಒಂದೀಟು ಮುರೀರಿ" ಎಂದು ನನ್ನ ಮುಂದೂ ಒಂದು ಬುಟ್ಟಿ ದೂಡಿದಳು. ಹೀಗೆ ತೊಟ್ಟು ಮುರಿಯುತ್ತಲೇ ಎಲ್ಲ ಹೇಳಿದೆ. ಆ ಬೆಳಗು, ಗುಂಟೂರು ಚೀಲ, ನನ್ನ ಬೆರಳು, ನಾನು ಆಡಿದ ಮಾತು. ಏನೂ ಉಳಿಸಿಕೊಳ್ಳಲಿಲ್ಲ.

ಅವಳ ಕೈ ನಿಂತಿತು. "ಅಂದ್ರ... ನಾ ಅವತ್ತು ನಾಟಕ ಮಾಡಿದ್ದಿಲ್ಲ?" ಎಂದು ಕೇಳಿದಳು. ಇಲ್ಲ ಎಂದೆ. "ಖಾರ ಹತ್ತಿದ್ದು ಖರೇ?" ಖರೇ ಎಂದೆ. ಅವಳು ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿ ಹೇಳಿದಳು. "ನಮ್ಮತ್ತಿ ಸಾಯೂತನಾ ನನಗ ನಾಟಕದಾಕಿ ಅಂತಿದ್ಲ್ರೀ. ನನಗೂ ಹಂಗ ಅನಸಿಬಿಟ್ಟಿತ್ತು, ನಾನಽ ತಡಕೊಳ್ಳಾರದಾಕಿ ಅಂತ. ಎರಡನೇದಕ್ಕ ದವಾಖಾನಿಗೆ ಹೋಗಲಿಲ್ಲ. ಮನ್ಯಾಗ ಹಡದೆ. ಬಾಯಾಗ ಸೆರಗ ತುರುಕ್ಕೊಂಡು ಹಡದೆ, ಪಡಸಾಲ್ಯಾಗ ಕುಂತ ಗಂಡಗೂ ಗೊತ್ತಾಗಲಿಲ್ಲ. ರಕ್ತ ಹೊರಗ ಹರದು ಬಂದಾಗಽ ನೋಡಿದ್ರು." ಬದುಕಿದ್ದಳು, ನನ್ನ ಎದುರು ಕೂತಿದ್ದಳು, ಅದು ಅವಳ ಗಟ್ಟಿತನ. ನಮ್ಮ ಪುಣ್ಯ ಅದರಲ್ಲಿ ಏನೂ ಇಲ್ಲ. ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. "ಅಳಬ್ಯಾಡ್ರಿ, ಖಾರದ ಕೈ ಕಣ್ಣಿಗೆ ಹಚಗೋತೀರಿ" ಎಂದಷ್ಟೇ ಹೇಳಿ, ಮತ್ತೆ ತೊಟ್ಟು ಮುರಿಯತೊಡಗಿದಳು.

ಇವತ್ತು ಬೆಳಿಗ್ಗೆ ಸವಿತಾಳನ್ನೂ ಉಳಿದ ಹುಡುಗಿಯರನ್ನೂ ಕೂರಿಸಿಕೊಂಡು ಆ "ಒಬ್ಬ ಹುಡುಗಿ"ಯ ಹೆಸರು ಹೇಳಿದೆ. ಯಾರೂ ಕಿಸಕ್ಕನ್ನಲಿಲ್ಲ. ನಾಳೆ ಇನ್‌ಸ್ಪೆಕ್ಷನ್‌ನವರು ಬಂದಾಗ ಎರಡೂ ವಹಿ ಮೇಜಿನ ಮೇಲೆ ಇರುತ್ತವೆ. ಬೀರುವಿನಲ್ಲಲ್ಲ, ಪಕ್ಕದ ಕೋಣೆಯಲ್ಲಲ್ಲ, ಅವರ ಚಹಾ ಕಪ್ಪಿನ ಪಕ್ಕ. ಕುರ್ಚಿ ಹೋದರೆ ಹೋಗಲಿ. ನಾನು ಕುರ್ಚಿಯಲ್ಲಿ ಹುಟ್ಟಿದವಳಲ್ಲ, ಬೇರೆ ಎಲ್ಲಿಯಾದರೂ ನಲ್ಲಿ ಇದ್ದೇ ಇರುತ್ತದೆ, ಅದರ ಪಕ್ಕ ಒಂದು ಮೊಳೆ ಹೊಡೆಯಲು ಗೋಡೆ ಇರುತ್ತದೆ. ಸವಿತಾಳನ್ನು ತೆಗೆಯಬೇಕೆಂದರೆ ನಿಜವಾದ ಕಾರಣ ಬರೆದು ತೆಗೆಯಲಿ. ಆ ಕಾರಣ ಬರೆಯುವ ಧೈರ್ಯ ಅವರಿಗಿದ್ದರೆ ವಹಿಯನ್ನು ಯಾಕೆ ಸುಡು ಅನ್ನುತ್ತಿದ್ದರು?

ಇನ್ನು ನಿಮಗೆ ಹೇಳಬೇಕಾದದ್ದು ಒಂದೇ. ನಿಮ್ಮ ವಹಿಯಲ್ಲಿ ನಾನು ಕೈಯಾಡಿಸಿದ್ದೇನೆ, ಬೈಯುವುದಿದ್ದರೆ ಬೈಯಿರಿ. ನಿನ್ನೆ ಗೋದಾಮಿನಲ್ಲಿ ದ್ಯಾಮವ್ವ, "ಆ ದೊಡ್ಡಕ್ಕಾರು ಏನಂತ ಬರದಾರ, ಓದ್ರಿ" ಅಂದಳು. ಓದಿದೆ. ಮೂರನೇ ಹಾಸಿಗೆಯಾಕೆಗೆ ಉರಿಯಾಯಿತು, ತಪ್ಪು ನನ್ನದು. ಅವಳು ಕೇಳಿ, "ಅವರು ಪುಣ್ಯವಂತ್ರು. ಆದ್ರ ಅದು ಸುಳ್ಳು ಅಲ್ಲೇನ್ರಿ?" ಅಂದಳು. ಹೌದು ಅಕ್ಕಾರೇ, ನಿಮ್ಮ ಆ ವಹಿಯಲ್ಲಿ ನಾನು ಬರೆದ ಸುಳ್ಳಿನ ಕೆಳಗೆ ನೀವು ಬರೆದ ಸುಳ್ಳು ಇತ್ತು. ಎರಡನ್ನೂ ಅಲ್ಲೇ, ಅವಳ ಎದುರೇ, ಒಂದೊಂದು ಗೆರೆ ಎಳೆದು ಹೊಡೆದುಹಾಕಿದೆ. ಕೆಳಗೆ "ತಪ್ಪು ನನ್ನದು. ರೇಣುಕಾ" ಎಂದು ಬರೆದು ವಹಿ ಮುಚ್ಚಲು ಹೋದೆ. ಅವಳು ಹಾಳೆಯ ಮೇಲೆ ಕೈ ಇಟ್ಟು ತಡೆದಳು. "ಹಾಸಿಗಿ ಐತಿ, ನೀವು ಅದೀರಿ, ದೊಡ್ಡಕ್ಕಾರು ಅದಾರ. ನಾ ಎಲ್ಲಿ ಅದೇನ್ರಿ ಇದರಾಗ?" ಅಂದಳು. ಏನು ಬರೆಯಲಿ ಎಂದು ಕೇಳಿದೆ. ಅವಳು ಸುತ್ತ ಕೂತಿದ್ದ ಹೆಂಗಸರಿಗೆಲ್ಲ ಕೇಳಿಸುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ನಾನು ಅವಳು ಹೇಳಿದಂತೆಯೇ ಬರೆದೆ. ನಾಳೆ ಬರುವವರು ಓದಬೇಕಾದ ಸಾಲು ಅದೇ, ಮೊದಲು ನೀವು ಓದಿರಿ:

"ದ್ಯಾಮವ್ವ ಖರೇನ ಚೀರಿದ್ಲು."

ನಿಮ್ಮ,
ಬ್ಯಾಡಗಿ